ಹಾಡು ಮರೆತುಹೋಯ್ತು, ಮಾತು ಉಳ್ಕೊಳ್ತು

ಇಂಗ್ಲಿಷಲ್ಲಿ ಯಾರಾದ್ರೂ 'ಅದೆಲ್ಲ ಪೈ ಇನ್ ದ ಸ್ಕೈ' ಅಂದ್ರೆ ನಮಗೆ ತಕ್ಷಣ ಅರ್ಥ ಆಗುತ್ತೆ, ಕನ್ನಡಿಯೊಳಗಿನ ಗಂಟು ಅಂತ. ಅದು ಒಂದು ಹಾಡಿನ ಸಾಲು, ಅದೂ ಹಸಿದ ಕೂಲಿಗಳ ಹಾಡು ಅಂತ ಗೊತ್ತಾದಾಗಿಂದ ನನಗಂತೂ ಆ ಮಾತನ್ನ ಮೊದಲಿನ ಹಾಗೆ ಕೇಳೋಕೆ ಆಗ್ತಿಲ್ಲ.

ಅಮೆರಿಕದಲ್ಲಿ ಆಗ ಐಡಬ್ಲ್ಯುಡಬ್ಲ್ಯು ಅನ್ನೋ ಕಾರ್ಮಿಕ ಸಂಘದವರು ಬೀದಿ ಮೂಲೇಲಿ ನಿಂತು ಭಾಷಣ ಮಾಡ್ತಿದ್ರು, ಪಕ್ಕದಲ್ಲೇ ಸಾಲ್ವೇಶನ್ ಆರ್ಮಿ ಅನ್ನೋ ಕ್ರೈಸ್ತ ಸಂಸ್ಥೆಯ ಬ್ಯಾಂಡು ಭಕ್ತಿಗೀತೆ ಬಾರಿಸ್ತಿತ್ತು, ಭಾಷಣ ಆ ಸದ್ದಲ್ಲಿ ಮುಳುಗಿಹೋಗ್ತಿತ್ತು. ಸರಿ, ಟ್ಯೂನು ಹೇಗೂ ಎಲ್ಲರಿಗೂ ಬರುತ್ತಲ್ಲ, ಅದಕ್ಕೆ ನಮ್ಮ ಮಾತು ಕೂರಿಸೋಣ ಅಂತ ಇವರು ಶುರುಮಾಡಿದ್ರು. ಸ್ವೀಡನ್ನಿಂದ ವಲಸೆ ಬಂದಿದ್ದ ಜೋ ಹಿಲ್ 1911ರಲ್ಲಿ ಹಾಗೆ ಬರೆದ ಹಾಡಲ್ಲಿ ಹಸಿದವನು ಊಟ ಕೇಳಿದ್ರೆ ಪಾದ್ರಿ ಹೇಳೋದು ಇಷ್ಟು: ದುಡಿ, ಪ್ರಾರ್ಥನೆ ಮಾಡು, ಹುಲ್ಲು ತಿಂದ್ಕೊಂಡಿರು, ಸತ್ತ ಮೇಲೆ ಆಕಾಶದಲ್ಲಿ ಪೈ (ಹೂರಣ ತುಂಬಿ ಬೇಯಿಸೋ ತಿಂಡಿ) ಸಿಗುತ್ತೆ. 1915ರಲ್ಲಿ ಯೂಟಾದಲ್ಲಿ ಕೊಲೆ ಆರೋಪದ ಮೇಲೆ ಅವನನ್ನ ಗುಂಡಿಟ್ಟು ಕೊಂದ್ರು, ಆ ತೀರ್ಪಿನ ಬಗ್ಗೆ ಜನ ಇವತ್ತಿಗೂ ಜಗಳ ಆಡ್ತಾರೆ.

ಆ ಸಾಲು ಯಾಕೆ ನಾಲಿಗೆಗೆ ಅಂಟ್ಕೊಳ್ತು? ಪೈ, ಸ್ಕೈ, ಡೈ. ಪ್ರಾಸ ಇದ್ರೆ ನೆನಪಿಗೆ ಒಂದು ಹಿಡಿ ಸಿಕ್ಕಿದ ಹಾಗೆ, ಒಂದು ಪದ ಬಂದ್ರೆ ಇನ್ನೊಂದನ್ನ ಎಳ್ಕೊಂಡು ಬರುತ್ತೆ. ಅಷ್ಟೇ ಅಲ್ಲ, 2000ದಲ್ಲಿ ಮ್ಯಾಥ್ಯೂ ಮೆಗ್ಲೋನ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಅವರ ಸಹೋದ್ಯೋಗಿ ಒಂದೇ ಅರ್ಥದ ಗಾದೆಗಳನ್ನ ಪ್ರಾಸ ಇಟ್ಟು, ಪ್ರಾಸ ತೆಗೆದು ಜನರಿಗೆ ಕೊಟ್ಟು ನೋಡಿದ್ರು, ಪ್ರಾಸ ಇದ್ದದ್ದೇ ಹೆಚ್ಚು ನಿಜ ಅಂತ ಜನರಿಗೆ ಅನ್ನಿಸ್ತು!

ಆದ್ರೆ ನನ್ನ ಕಾಡೋದು ಬೇರೆ. ದಿನಬಳಕೆಗೆ ಬರೋವಾಗ 'ಸತ್ತ ಮೇಲೆ' ಅನ್ನೋ ತುಂಡೇ ಉದುರಿಹೋಯ್ತು, ಜೋ ಹಿಲ್ ಸಿಟ್ಟೆಲ್ಲ ಇದ್ದಿದ್ದು ಅದರಲ್ಲೇ.

'ಇಟ್ ಟೇಕ್ಸ್ ಟೂ ಟು ಟ್ಯಾಂಗೋ' ಕಥೆ ಬೇರೆ ಥರ. 1952ರಲ್ಲಿ ಅಮೆರಿಕದ ಗಾಯಕಿ ಪರ್ಲ್ ಬೈಲಿ ಹಾಡಿದ ಪ್ರೇಮಗೀತೆ ಅದು. ಜಗಳಕ್ಕೆ ಇಬ್ಬರು ಬೇಕು ಅನ್ನೋ ಗಾದೆ ಇಂಗ್ಲಿಷಲ್ಲಿ ಮೊದಲೇ ಇತ್ತು, ಅಚ್ಚು ರೆಡಿ ಇತ್ತು, ಹಾಡು ಅದರೊಳಗೆ ಟ್ಯಾಂಗೋ ಡ್ಯಾನ್ಸ್ ತಂದಿಟ್ಟಿತು ಅಷ್ಟೇ. ನಮ್ಮ 'ಒಂದು ಕೈಲಿ ಚಪ್ಪಾಳೆ ಆಗಲ್ಲ' ಇದ್ದ ಹಾಗೆ. 1982ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಸೋವಿಯತ್ ಒಕ್ಕೂಟದ ಜೊತೆಗಿನ ಸಂಬಂಧದ ಬಗ್ಗೆ ಇದೇ ಮಾತು ಹೇಳೋ ಹೊತ್ತಿಗೆ ಅದರಲ್ಲಿ ಪ್ರೇಮಾನೂ ಇರ್ಲಿಲ್ಲ, ರಾಗಾನೂ ಇರ್ಲಿಲ್ಲ. ಹಾಡಿನ ಸಾಲು ನುಡಿಗಟ್ಟಾಯ್ತು ಅಂತ ನಾನು ಒಪ್ಪೋದು ಆಗ್ಲೇ. ಹೇಳೋವಾಗ ಟ್ಯೂನ್ ನೆನಪಾದ್ರೆ ಅದು ಇನ್ನೂ ಹಾಡೇ.

ಕೆಲವು ಸಲ ಅರ್ಥಾನೇ ತಿರುಗಿಬೀಳುತ್ತೆ. 1878ರ ಲಂಡನ್ನಿನ ಒಂದು ಮ್ಯೂಸಿಕ್ ಹಾಲ್ ಹಾಡು ರಷ್ಯಾ ವಿರುದ್ಧ 'ಬೈ ಜಿಂಗೋ' ಅಂತ ಎದೆ ತಟ್ಕೊಳ್ತಿತ್ತು, ಯುದ್ಧ ಬೇಡ ಅನ್ನೋರು ಅದನ್ನೇ ಬೈಗುಳ ಮಾಡಿದ್ರು, ಯುದ್ಧಕ್ಕೆ ಹಾತೊರೆಯೋ ದೇಶಾಭಿಮಾನಕ್ಕೆ ಜಿಂಗೋಯಿಸಂ ಅನ್ನೋ ಪದ ಹುಟ್ಟಿದ್ದು ಹಾಗೆ. ಅಮೆರಿಕದ ರ‍್ಯಾಪ್ ಗಾಯಕ ಎಮಿನೆಮ್‌ನ 2000ದ 'ಸ್ಟ್ಯಾನ್' ಹಾಡಿಂದು ಇದರ ಉಲ್ಟಾ. ಅದರಲ್ಲಿ ಸ್ಟ್ಯಾನ್ ಅನ್ನೋ ಅಭಿಮಾನಿ ಕಾಗದದ ಮೇಲೆ ಕಾಗದ ಬರೆದು, ಉತ್ತರ ಬರ್ಲಿಲ್ಲ ಅಂತ ಹುಚ್ಚು ಹಿಡಿದು ಬಸುರಿ ಗೆಳತಿ ಸಮೇತ ಕಾರನ್ನ ಸೇತುವೆಯಿಂದ ಬೀಳಿಸ್ತಾನೆ. ಮೆರಿಯಮ್-ವೆಬ್‌ಸ್ಟರ್ ಡಿಕ್ಷನರೀಲಿ ಈಗ ಅವನ ಹೆಸರು ನಾಮಪದಾನೂ ಹೌದು, ಕ್ರಿಯಾಪದಾನೂ ಹೌದು. 'ಐ ಸ್ಟ್ಯಾನ್ ಹರ್', ಅಂದ್ರೆ ನಾನು ಅವಳ ಕಟ್ಟಾ ಅಭಿಮಾನಿ, ಅಂತ ಪ್ರೀತಿಯಿಂದ ಟೈಪ್ ಮಾಡೋ ಎಷ್ಟೋ ಮಕ್ಕಳು ಆ ಹಾಡು ಬಂದಾಗ ಇನ್ನೂ ಹುಟ್ಟೇ ಇರ್ಲಿಲ್ಲ.