ಒಂದು ಬಕೆಟ್ ನೀರು ಸಾಕಲ್ವಾ ಮೇಡಂ?

ಪ್ರಶ್ನೆ: ಸಮುದ್ರದ ಪ್ಲಾಂಕ್ಟನ್ ಹಿಡಿಯೋಕೆ ಅಷ್ಟು ದೊಡ್ಡ ಹಡಗು, ಬಲೆ, ಯಂತ್ರ ಎಲ್ಲ ಯಾಕೆ? ಕಣ್ಣಿಗೆ ಕಾಣದ ಜೀವಿ ಅಂತೀರಿ, ಸಮುದ್ರದ ತುಂಬಾ ಇದೆ ಅಂತೀರಿ. ಹಾಗಿದ್ರೆ ಒಂದು ಬಕೆಟ್ ನೀರು ಮೊಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಕಲ್ವಾ?

ಉತ್ತರ: ಸಾಲಲ್ಲ.

ಇಷ್ಟಕ್ಕೇ ಮುಗಿಸೋಣ ಅಂದುಕೊಂಡಿದ್ದೆ. ಆದರೆ ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಕೊಪ್ಪಳದಲ್ಲಿ ಕೂತು ಪ್ರಾಣಿಶಾಸ್ತ್ರ ಪಾಠ ಮಾಡುವವಳು ನಾನು. ಒಂದು ಕಾಲದಲ್ಲಿ ಸಂಶೋಧನಾ ಹಡಗು ಹತ್ತಿ ಬಂದವಳು ಅಂತ ಊರಿಗೆಲ್ಲ ಗೊತ್ತು. ವಿಜ್ಞಾನ ಮೇಳದಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. 2020ರಲ್ಲಿ ಮಲ್ಪೆ ಕಡೆ ರಾತ್ರಿ ಸಮುದ್ರ ನೀಲಿಯಾಗಿ ಹೊಳೆದ ವಿಡಿಯೋ ಎಲ್ಲರ ಫೋನಿಗೂ ಬಂತಲ್ಲ, ಆಮೇಲಂತೂ ವಾರಕ್ಕೊಬ್ಬರು. ಹೊಳೆದದ್ದು ನಾಕ್ಟಿಲೂಕಾ ಅನ್ನುವ ಪ್ಲಾಂಕ್ಟನ್, ಅಂದರೆ ನೀರಿನ ಹರಿವಿನ ಜೊತೆ ತೇಲುವ ಜೀವಿ, ಅಂತ ಹೇಳಿ ಮುಗಿಸುವಷ್ಟರಲ್ಲಿ ಬಕೆಟ್ ಹಾಜರು.

ಬಕೆಟ್ ಪಕ್ಷದವರ ಹತ್ತಿರ ಒಂದು ದೊಡ್ಡ ಅಸ್ತ್ರ ಇದೆ. "ಅನ್ನ ಬೆಂದಿದೆಯೋ ಇಲ್ಲವೋ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕಲ್ವಾ ಮೇಡಂ?" ಇದನ್ನು ಹೇಳಿ ಗೆದ್ದವರ ಹಾಗೆ ನಗುತ್ತಾರೆ. ಆ ನಗು ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ.

ಒಂದು ಅಗುಳು ಯಾಕೆ ಸಾಕು? ಒಂದೇ ಪಾತ್ರೆ, ಒಂದೇ ಅಕ್ಕಿ, ಒಂದೇ ಒಲೆ, ಅಷ್ಟೇ ಹೊತ್ತು ಕುದಿ. ಒಳಗಿರುವುದೆಲ್ಲ ಹೆಚ್ಚುಕಡಿಮೆ ಒಂದೇ ತರಹ. ಈಗ ಅದೇ ಮಾತನ್ನು ಗಂಗಾವತಿಯ ಅಕ್ಕಿ ವ್ಯಾಪಾರಿಗೆ ಹೇಳಿ ನೋಡಿ. ಲಾರಿ ತುಂಬಾ ಚೀಲ ಬಂದಿದೆ ಅಂದರೆ ಮೇಲಿನ ಚೀಲದ ಬಾಯಿಂದ ಒಂದು ಹಿಡಿ ತೆಗೆದು ರೇಟ್ ಹೇಳುತ್ತಾನಾ? ಇಲ್ಲ. ಚೂಪಾದ ಕಬ್ಬಿಣದ ಕೊಳವೆ ಹಿಡಿದು ಮೇಲೆ, ನಡುವೆ, ತಳದಲ್ಲಿ ಚುಚ್ಚಿ ಕಾಳು ಹೊರಗೆ ಎಳೆಯುತ್ತಾನೆ. ಮೇಲೆ ಸಣ್ಣಕ್ಕಿ, ಕೆಳಗೆ ನುಚ್ಚು ಇರಬಹುದು ಅಂತ ಅವನಿಗೆ ಗೊತ್ತು. ಸಮುದ್ರ ಬೆಂದ ಅನ್ನದ ಪಾತ್ರೆ ಅಲ್ಲ, ಆ ಲಾರಿ. ಬಕೆಟ್ ಅಂದರೆ ಮೇಲಿನ ಚೀಲದ ಬಾಯಿ.

ಲೆಕ್ಕ ಹಾಕೋಣ. ಪ್ಲಾಂಕ್ಟನ್ನಿನಲ್ಲಿ ಪ್ರಾಣಿಗಳ ಗುಂಪು ತೆಗೆದುಕೊಂಡರೆ ಅಲ್ಲಿ ಜಾಸ್ತಿ ಸಿಗುವುದು ಕೋಪೆಪಾಡ್. ಸೀಗಡಿಯ ದೂರದ ನೆಂಟ, ಒಂದೆರಡು ಮಿಲಿಮೀಟರ್ ಉದ್ದ, ರಾಗಿ ಕಾಳಿಗೆ ಮೀಸೆ ಬಂದ ಹಾಗೆ. ದಡದಿಂದ ದೂರದ ಸಮುದ್ರದಲ್ಲಿ ಒಂದು ಘನ ಮೀಟರ್ ನೀರಿಗೆ, ಅಂದರೆ 1000 ಲೀಟರಿಗೆ, ಕೆಲವು ನೂರು ಕೋಪೆಪಾಡ್ ಇದ್ದರೆ ಅದು ಸಾಧಾರಣ. 300 ಅಂತ ಇಟ್ಟುಕೊಳ್ಳಿ. ನಿಮ್ಮ 10 ಲೀಟರ್ ಬಕೆಟ್ಟಿನಲ್ಲಿ ಎಷ್ಟು? ಮೂರು. ಮೂರರಲ್ಲಿ ಅರಬ್ಬಿ ಸಮುದ್ರದ ಕಥೆ ಹೇಳಲು ನನಗಂತೂ ಬರುವುದಿಲ್ಲ. ಮೀನಿನ ಮರಿಗಳು ಇನ್ನೂ ವಿರಳ, ಬಕೆಟ್ಟಿಗೆ ಒಂದೂ ಬೀಳದೆ ಇರಬಹುದು. ಬಿದ್ದಿಲ್ಲ ಅಂದರೆ ಅಲ್ಲಿ ಇಲ್ಲ ಅಂತ ಅರ್ಥವಾ?

ಈಗ ಬಲೆ. ಹಿಂದೂ ಮಹಾಸಾಗರದ ಅಳತೆಯ ಬಲೆ ಅಂತ ಹಳೆಯದೊಂದಿದೆ, ಎಲ್ಲ ಹಡಗಿಗೂ ಒಂದೇ ಅಳತೆ ಇರಲಿ ಅಂತ ಮಾಡಿದ್ದು. ಅದರ ಬಾಯಿ 1 ಚದರ ಮೀಟರ್, ಬಲೆಯ ಕಣ್ಣು 0.33 ಮಿಲಿಮೀಟರ್. ಹಡಗು ನಿಲ್ಲಿಸಿ, ವಿಂಚಿನ (ಹಗ್ಗ ಸುತ್ತಿ ಇಳಿಸಿ ಎತ್ತುವ ಯಂತ್ರದ) ಉಕ್ಕಿನ ಹಗ್ಗಕ್ಕೆ ಕಟ್ಟಿ, 200 ಮೀಟರ್ ಕೆಳಗೆ ಇಳಿಸಿ, ನೇರ ಮೇಲಕ್ಕೆ ಎಳೆಯುತ್ತಾರೆ. ಸೆಕೆಂಡಿಗೆ ಒಂದು ಮೀಟರ್ ಲೆಕ್ಕದಲ್ಲಿ ಮೂರೂವರೆ ನಿಮಿಷದೊಳಗೆ ಬಲೆ ಮೇಲೆ ಬಂತು. ಅಷ್ಟರಲ್ಲಿ ಅದರೊಳಗೆ ಹಾದ ನೀರು 200 ಘನ ಮೀಟರ್, ಎರಡು ಲಕ್ಷ ಲೀಟರ್. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 5000 ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥವು 40. ನಲವತ್ತು ಟ್ಯಾಂಕರ್ ನೀರು ಸೋಸಿ ಬಲೆಯ ತುದಿಯ ಡಬ್ಬಿಯಲ್ಲಿ ಉಳಿಯುವುದು ಒಂದು ಲೋಟ ಗಂಜಿಯಂಥದ್ದು. ಕೆಲವೊಮ್ಮೆ ಗುಲಾಬಿ, ಕೆಲವೊಮ್ಮೆ ಕಂದು, ಮೀನಿನ ವಾಸನೆ. ಮೊದಲ ಸಲ ಬೆಳಕಿಗೆ ಹಿಡಿದಾಗ ಆ ಗಂಜಿ ಕುಣಿಯುತ್ತಿತ್ತು. ನಾನು ಡಬ್ಬಿ ಕೈಬಿಡುವವಳಿದ್ದೆ.

"ಸರಿ, ಹಾಗಾದರೆ ಇಪ್ಪತ್ತು ಸಾವಿರ ಬಕೆಟ್ ಮೊಗೆಯೋಣ" ಅಂದ ಮಹಾನುಭಾವರೂ ಇದ್ದಾರೆ. ಮೊಗೆಯಿರಿ. ಎಲ್ಲವೂ ಮೇಲಿನ ನೀರೇ ಆಗುತ್ತದೆ. ಪ್ಲಾಂಕ್ಟನ್ ಇರುವುದು ಮೇಲೆ ಮಾತ್ರ ಅಲ್ಲ. ಬಹಳಷ್ಟು ಕೋಪೆಪಾಡ್‌ಗಳು, ಸೀಗಡಿಯಂಥವು, ಹಗಲು ಕತ್ತಲಿರುವ ಆಳದಲ್ಲಿ ಇರುತ್ತವೆ. ಸಂಜೆಯಾದರೆ ನೂರಾರು ಮೀಟರ್ ಹತ್ತಿ ಮೇಲೆ ಬಂದು ಮೇಯುತ್ತವೆ, ಬೆಳಗಾಗುವ ಮುಂಚೆ ವಾಪಸ್. ಬೆಳಕಿದ್ದರೆ ಮೀನುಗಳ ಕಣ್ಣಿಗೆ ಬೀಳುತ್ತೇವೆ ಅನ್ನುವ ಭಯ. ಎರಡನೇ ಮಹಾಯುದ್ಧದ ಹೊತ್ತಿಗೆ ಜಲಾಂತರ್ಗಾಮಿ ಹುಡುಕಲು ನೀರಿಗೆ ಶಬ್ದ ಬಿಟ್ಟು ಅದರ ಪ್ರತಿಧ್ವನಿ ಹಿಡಿಯುತ್ತಿದ್ದವರಿಗೆ ಸಮುದ್ರದ ನಡುವೆ ಒಂದು ಸುಳ್ಳು ತಳ ಕಾಣಿಸುತ್ತಿತ್ತು. ಆ ತಳ ರಾತ್ರಿ ಮೇಲೇರುತ್ತಿತ್ತು! ಅದು ಹೀಗೆ ಹತ್ತಿ ಇಳಿಯುವ ಪ್ರಾಣಿಗಳ ಪದರ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಮಧ್ಯಾಹ್ನದ ಬಕೆಟ್ ಒಂದು ಹೇಳುತ್ತದೆ, ಮಧ್ಯರಾತ್ರಿಯ ಬಕೆಟ್ ಇನ್ನೊಂದು ಹೇಳುತ್ತದೆ. ಗವಿಮಠದ ತೇರಿನ ದಿನ ಮೈದಾನದ ಜನ ಎಣಿಸಿ ಕೊಪ್ಪಳದ ಜನಸಂಖ್ಯೆ ಬರೆದ ಹಾಗೆ. ಇನ್ನೊಬ್ಬರು ಮಾರನೇ ತಿಂಗಳು ಬಂದು ಅದೇ ಮೈದಾನ ನೋಡಿ, ಊರಲ್ಲಿ ನಾಲ್ಕು ಜನ ಮತ್ತು ಒಂದು ಎಮ್ಮೆ ಅಂತ ಬರೆಯಬಹುದು. ಇಬ್ಬರೂ ಸುಳ್ಳು ಹೇಳಿಲ್ಲ, ಆದರೂ ಇಬ್ಬರ ಲೆಕ್ಕವೂ ಕೆಲಸಕ್ಕೆ ಬರಲ್ಲ.

ಮೇಲಿನ ನೀರಿನಲ್ಲಿಯೂ ಅವು ಸಮವಾಗಿ ಹರಡಿಕೊಂಡಿಲ್ಲ, ಗುಂಪು ಗುಂಪು. ಜೊತೆಗೆ ಬಕೆಟ್ ನೀರಿಗೆ ಬಿದ್ದ ಅಲುಗಾಟಕ್ಕೆ ಚುರುಕಾದವು ಜಿಗಿದು ಓಡುತ್ತವೆ. ಬಲೆಯಿಂದಲೂ ತಪ್ಪಿಸಿಕೊಳ್ಳುತ್ತವೆ ಅನ್ನಿ. ದೊಡ್ಡ ಬಾಯಿ ಇದ್ದರೆ ಕಡಿಮೆ.

ನ್ಯಾಯವಾಗಿ ಒಂದು ಮಾತು ಒಪ್ಪಬೇಕು. ಎಲ್ಲದಕ್ಕೂ ಬಲೆ ಬೇಕಿಲ್ಲ. ಸಸ್ಯದ ಗುಣದ, ನಿಜಕ್ಕೂ ಕಣ್ಣಿಗೆ ಕಾಣದ ಸೂಕ್ಷ್ಮ ಪ್ಲಾಂಕ್ಟನ್ನಿಗೆ ಒಂದೆರಡು ಲೀಟರ್ ನೀರೇ ಸಾಕು. ಬಲೆ ಹಾಕಿದರೆ ಅದರ ಕಣ್ಣಿನಲ್ಲಿ ನುಸುಳಿ ಹೋಗುತ್ತದೆ. ಆದರೆ ಅಲ್ಲಿಯೂ ಬೇಕಾದ ಆಳದಲ್ಲಿ ಬಾಯಿ ಮುಚ್ಚಿಕೊಳ್ಳುವ ಬಾಟಲಿ ಇಳಿಸುತ್ತಾರೆ, ಬಕೆಟ್ ಅಲ್ಲ. ಇನ್ನು "ಕಣ್ಣಿಗೆ ಕಾಣದ ಜೀವಿ" ಅನ್ನುವ ಮಾತು. ಪ್ಲಾಂಕ್ಟನ್ ಅನ್ನುವ ಹೆಸರನ್ನು 1887ರಲ್ಲಿ ಜರ್ಮನಿಯ ವಿಕ್ಟರ್ ಹೆನ್ಸನ್ ಕೊಟ್ಟದ್ದು, ಅಲೆಮಾರಿ ಅನ್ನುವ ಅರ್ಥದ ಗ್ರೀಕ್ ಪದದಿಂದ. ಪ್ರವಾಹ ಎತ್ತ ಒಯ್ದರೆ ಅತ್ತ ಹೋಗುವುದೆಲ್ಲ ಪ್ಲಾಂಕ್ಟನ್. ತಟ್ಟೆಯಷ್ಟು ಅಗಲದ ಜೆಲ್ಲಿ ಮೀನೂ ಪ್ಲಾಂಕ್ಟನ್ನೇ. ಸಣ್ಣದು ಅನ್ನುವುದು ಅದರ ಲಕ್ಷಣ ಅಲ್ಲ.

ಹಾಗಂತ ಬಲೆ ಇಳಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಅಸಲಿ ಕೆಲಸ ಇರುವುದು ಬರೆಯುವುದರಲ್ಲಿ. ವಿಂಚಿನ ಹತ್ತಿರ ನಿಂತವನು "200 ಬಿಟ್ಟೆ" ಅಂತ ಕೂಗುತ್ತಾನೆ. ಆದರೆ ಗಾಳಿಗೆ ಹಡಗು ಜರುಗಿದರೆ ಹಗ್ಗ ಓರೆಯಾಗುತ್ತದೆ. ಓರೆ 45 ಡಿಗ್ರಿ ಆದರೆ 200 ಮೀಟರ್ ಹಗ್ಗ ಬಿಟ್ಟರೂ ಬಲೆ ಇರುವುದು 141 ಮೀಟರ್ ಆಳದಲ್ಲಿ. ಹೈಸ್ಕೂಲಿನಲ್ಲಿ "ಕಾಸ್ ತೀಟಾ ಯಾಕೆ ಕಲಿಬೇಕು" ಅಂತ ಕೇಳಿದವರಿಗೆ ಉತ್ತರ ಅಲ್ಲಿದೆ, ಕತ್ತಲಲ್ಲಿ, ಡೆಕ್ ಮೇಲೆ. ಬಲೆಯ ಬಾಯಲ್ಲಿ ಫ್ಲೋಮೀಟರ್ ಅಂತ ಒಂದು ಪುಟ್ಟ ಫ್ಯಾನ್ ಇರುತ್ತದೆ. ನಾವು ಬಳಸಿದ್ದರಲ್ಲಿ ಒಂದು ಸುತ್ತಿಗೆ 30 ಸೆಂಟಿಮೀಟರ್ ನೀರು ದಾಟಿದ ಲೆಕ್ಕ. 200 ಮೀಟರಿಗೆ ಸುಮಾರು 667 ಸುತ್ತು ಬರಬೇಕು. 450 ಬಂತು ಅಂದರೆ ಬಲೆಯ ಕಣ್ಣು ಕಟ್ಟಿಕೊಂಡಿದೆ, ಸೋಸಿದ್ದು ಎರಡು ಲಕ್ಷ ಅಲ್ಲ, 1.35 ಲಕ್ಷ ಲೀಟರ್. ಇಳಿಸುವ ಮುಂಚಿನ ಅಂಕಿ, ಎಳೆದ ಮೇಲಿನ ಅಂಕಿ ಎರಡನ್ನೂ ಬರೆಯದಿದ್ದರೆ ನೀವು ತಂದದ್ದು ಸುಮ್ನೆ ಗಂಜಿ.

ಆಮೇಲೆ ಬಲೆಯನ್ನು ಹೊರಗಿನಿಂದ ನೀರು ಹೊಡೆದು ತೊಳೆದು, ಅಂಟಿಕೊಂಡದ್ದೆಲ್ಲ ಡಬ್ಬಿಗೆ ಇಳಿಸಿ, ಬಾಟಲಿಗೆ ಸುರಿಯಬೇಕು. ಅದರ ಒಂಬತ್ತು ಪಾಲಿಗೆ ಒಂದು ಪಾಲು ಅಂಗಡಿಯ ಫಾರ್ಮಲಿನ್ (ಕೊಳೆಯದಂತೆ ಇಡುವ ದ್ರವ), ಅದಕ್ಕೆ ಮೊದಲೇ ಬೋರಾಕ್ಸ್ ಬೆರೆಸಿರಬೇಕು. ಇಲ್ಲದಿದ್ದರೆ ಅದರ ಹುಳಿಗೆ ಸಣ್ಣ ಸಮುದ್ರ ಬಸವನಹುಳುಗಳ ಚಿಪ್ಪು ಕರಗುತ್ತದೆ. ಡಿಎನ್‌ಎ ನೋಡಬೇಕಾದರೆ ಫಾರ್ಮಲಿನ್ ಬೇಡ, ಆಲ್ಕೊಹಾಲ್.

ಕೊನೆಗೆ ಚೀಟಿ. ಯಾನದ ಸಂಖ್ಯೆ, ಸ್ಟೇಷನ್ (ಬಲೆ ಇಳಿಸಲು ಹಡಗು ನಿಂತ ಜಾಗ), ಅಕ್ಷಾಂಶ ರೇಖಾಂಶ, ದಿನಾಂಕ, ಸಮಯ, ಯಾವ ಬಲೆ, ಯಾವ ಕಣ್ಣು, ಎಷ್ಟು ಆಳ. ಸಮಯ ಬರೆಯುವಾಗ ಯಾವ ಸಮಯ ಅಂತಲೂ ಬರೆಯಬೇಕು. ನಮ್ಮ ರಾತ್ರಿ 2 ಗಂಟೆ ಗ್ರೀನ್‌ವಿಚ್ ಲೆಕ್ಕದಲ್ಲಿ ಹಿಂದಿನ ದಿನದ 20.30. ದಿನಾಂಕವೇ ಬದಲು. ಚೀಟಿ ಬಾಟಲಿಯ ಒಳಗೆ ಇರಬೇಕು, ಪೆನ್ಸಿಲಿನಲ್ಲಿ ಬರೆದಿರಬೇಕು. ಇದನ್ನು ನಾನು ಕಲಿತದ್ದು ಹೇಗೆ ಅಂತ ಹೇಳಿಬಿಡುತ್ತೇನೆ. 1998ರಲ್ಲಿ, ನನ್ನ ಮೊದಲ ಯಾನದಲ್ಲಿ, ವಾಂತಿ ಮಾಡಿ ಮಾಡಿ ತಲೆ ತಿರುಗುತ್ತಿದ್ದಾಗ ಪೆನ್ಸಿಲ್ ಸಿಗದೆ ಪೆನ್ನಿನಲ್ಲಿ ಬರೆದೆ. ಅಕ್ಷರ ಚೆನ್ನಾಗಿಯೇ ಬಂದಿತ್ತು. ವಾರದ ಮೇಲೆ ತೆಗೆದು ನೋಡಿದರೆ ಮೂರು ಬಾಟಲಿಯಲ್ಲಿ ಮೂರು ಬಿಳಿ ಚೀಟಿ, ನೀರು ತಿಳಿ ನೀಲಿ. ನಮ್ಮ ಹಿರಿಯ ವಿಜ್ಞಾನಿ ಬೈಯಲಿಲ್ಲ. ಪುಸ್ತಕದಲ್ಲಿ ಆ ಮೂರರ ಮುಂದೆ ಕೆಂಪು ಗೆರೆ ಎಳೆದು ಊಟಕ್ಕೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟೊಂದು ಬರೆಯುವುದು ಯಾರಿಗಾಗಿ? 1960ರ ದಶಕದ ಮೊದಲ ವರ್ಷಗಳಲ್ಲಿ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಯಾನ ನಡೆಯಿತು. ಹಲವು ದೇಶಗಳ ಹಡಗು. ಒಬ್ಬೊಬ್ಬರು ಒಂದೊಂದು ಬಲೆ ಹಾಕಿದರೆ ಒಬ್ಬರು ಸೇರಿನಲ್ಲಿ, ಒಬ್ಬರು ಚಟಾಕಿನಲ್ಲಿ ಜೋಳ ಅಳೆದ ಹಾಗೆ. ಮೇಲೆ ಹೇಳಿದ ಅಳತೆಯ ಬಲೆ ಬಂದದ್ದೇ ಅದಕ್ಕೆ. ಆ ಬಲೆಯ ಮಾದರಿಗಳು ಕೊಚ್ಚಿಗೆ ಬಂದು ಸೇರಿದವು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ 1966ರಲ್ಲಿ ಹುಟ್ಟಿದ್ದೂ ಆ ಯಾನದ ಬೆನ್ನಿಗೇ. ಇನ್ನೊಂದು ಉದಾಹರಣೆ. ಬ್ರಿಟನ್ನಿನ ಅಲಿಸ್ಟರ್ ಹಾರ್ಡಿ ಮಾಡಿದ ಯಂತ್ರವನ್ನು 1931ರಿಂದ ಸರಕು ಹಡಗುಗಳ ಹಿಂದೆ ಕಟ್ಟಿ ಎಳೆಯುತ್ತಿದ್ದಾರೆ. ರೇಷ್ಮೆ ಬಟ್ಟೆಯ ಸುರುಳಿ ಪ್ಲಾಂಕ್ಟನ್ ಹಿಡಿದು ಸುತ್ತಿಕೊಳ್ಳುತ್ತದೆ. ಕಪಾಟಿನಲ್ಲಿದ್ದ ಹಳೆಯ ಸುರುಳಿಗಳನ್ನು ಮತ್ತೆ ಬಿಚ್ಚಿ ನೋಡಿದವರು 2004ರಲ್ಲಿ ಬರೆದರು: 1960ರ ದಶಕದ ರೇಷ್ಮೆಯಲ್ಲೇ ಪ್ಲಾಸ್ಟಿಕ್ ಚೂರುಗಳಿವೆ, ಆಮೇಲಿನವುಗಳಲ್ಲಿ ಇನ್ನೂ ಜಾಸ್ತಿ. ಹಿಡಿದವರು ಪ್ಲಾಸ್ಟಿಕ್ ಹುಡುಕಿರಲಿಲ್ಲ. ಎಲ್ಲಿ, ಯಾವತ್ತು ಅಂತ ಬರೆದಿಟ್ಟಿದ್ದರು, ಅಷ್ಟೇ.

ಈಗ ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಕೇಳಬೇಕಾದ್ದು ಅದು. ಪ್ಲಾಂಕ್ಟನ್ ಸಮುದ್ರದಲ್ಲಿ ಮಾತ್ರವಾ? ನಮ್ಮ ಕಡೆ ಇಲ್ವಾ?

ಕುಷ್ಟಗಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಜ್ಜಿ ಇದ್ದಳು. ಮೆಟ್ಟಿಲು ಬಾವಿಯ ನೀರು ತಂದರೆ ಕೊಡದ ಬಾಯಿಗೆ ಹಳೆಯ ಸೀರೆಯ ಬಟ್ಟೆ ಎರಡು ಪದರ ಹಾಕಿ ಸೋಸದೆ ಯಾರಿಗೂ ಕುಡಿಯಲು ಬಿಡುತ್ತಿರಲಿಲ್ಲ. ನಾರುಹುಣ್ಣಿನ ಭಯ. ಹಳಬರಿಗೆ ಹೆಸರು ಕೇಳಿದರೇ ಕಾಲು ಜುಮ್ಮೆನ್ನುತ್ತದೆ. ಆ ಹುಳುವಿನ ಮರಿ ಬಾವಿ ನೀರಿನ ಸೈಕ್ಲಾಪ್ಸ್ ಅನ್ನುವ ಜೀವಿಯ ಹೊಟ್ಟೆಯಲ್ಲಿ ಇರುತ್ತದೆ. ನೀರಿನ ಜೊತೆ ಸೈಕ್ಲಾಪ್ಸ್ ಒಳಗೆ ಹೋದರೆ, ಸುಮಾರು ವರ್ಷದ ಮೇಲೆ ಮೀಟರಿನಷ್ಟು ಉದ್ದದ ಹುಳು ಕಾಲಿನ ಚರ್ಮ ಒಡೆದು ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ಆ ಕಾಲು ಹಾಕಿ ಮೆಟ್ಟಿಲು ಬಾವಿಗೆ ಇಳಿದರೆ ಮತ್ತೆ ನೀರಿಗೆ ಮರಿ. ಈ ಸೈಕ್ಲಾಪ್ಸ್ ಏನು ಗೊತ್ತಾ? ಕೋಪೆಪಾಡ್. ಹಡಗಿನಲ್ಲಿ ನಾನು ಹಿಡಿದದ್ದರ ಸಿಹಿನೀರಿನ ಸೋದರ. ಬಟ್ಟೆ ಸೋಸುವಿಕೆ, ಬಾವಿಗೆ ಔಷಧ, ಮೆಟ್ಟಿಲು ಮುಚ್ಚಿ ಬೋರ್‌ವೆಲ್ ಹಾಕಿದ್ದು, ಎಲ್ಲ ಸೇರಿ ರೋಗ ಹೋಯಿತು. ದೇಶದ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಪ್ರಮಾಣಪತ್ರ ಕೊಟ್ಟಿತು.

ಅಜ್ಜಿ ಹಿಡಿದದ್ದು ಪ್ಲಾಂಕ್ಟನ್ ಬಲೆಯೇ. ಹಾಗೆ ನೋಡಿದರೆ ಹಡಗಿನ ಬಲೆಯೂ ಅಡುಗೆಮನೆಯ ಸಾಣಿಗೆಯ ವಂಶದ್ದು. ಮೊದಮೊದಲು ಅದನ್ನು ಹೊಲಿದದ್ದು ಹಿಟ್ಟಿನ ಗಿರಣಿಯಲ್ಲಿ ಹಿಟ್ಟು ಸೋಸುವ ರೇಷ್ಮೆ ಬಟ್ಟೆಯಲ್ಲಿ, ನೈಲಾನ್ ಬಂದದ್ದು ಆಮೇಲೆ. 1832ರ ಜನವರಿಯಲ್ಲಿ ಡಾರ್ವಿನ್ ಬೀಗಲ್ ಹಡಗಿನ ಹಿಂದೆ ಎಳೆದದ್ದು ಬಾವುಟದ ಬಟ್ಟೆಯ ನಾಲ್ಕು ಅಡಿ ಚೀಲ.

ಮುನಿರಾಬಾದಿನ ಹಿನ್ನೀರಿನಲ್ಲಿಯೂ ಬೇಕಾದಷ್ಟಿದೆ. ಕೆಲವು ವರ್ಷ ಡ್ಯಾಮಿನ ನೀರು ಹಸಿರು ಬಣ್ಣ ಕಲಸಿದ ಹಾಗೆ ಆಗುತ್ತದಲ್ಲ, ಅಂಥ ಹಸಿರು ಸಾಮಾನ್ಯವಾಗಿ ನೀಲಿ-ಹಸಿರು ಪಾಚಿ, ಅದೂ ಪ್ಲಾಂಕ್ಟನ್. ಗದ್ದೆಯ ಗೊಬ್ಬರ ತೊಳೆದು ಬಂದು, ನೀರು ನಿಂತು, ಬಿಸಿಲು ಬಿದ್ದರೆ ಹೆಚ್ಚುತ್ತದೆ. ಆ ನೀರು ಕುಡಿಯಬೇಡಿ, ದನಕ್ಕೂ ಕುಡಿಸಬೇಡಿ. ಕೆಲವು ಜಾತಿಗಳಲ್ಲಿ ವಿಷ ಇರುತ್ತದೆ.

ನೋಡುವ ಆಸೆ ಇದ್ದರೆ ಬಳೆಗೆ ತೆಳು ನೈಲಾನ್ ಬಟ್ಟೆಯ ಚೀಲ ಹೊಲಿದು, ತುದಿಗೆ ಸಣ್ಣ ಬಾಟಲಿ ಕಟ್ಟಿ, ದಂಡೆಯಲ್ಲಿ ಹತ್ತು ಹೆಜ್ಜೆ ಎಳೆಯಿರಿ. ಬಾಟಲಿಯನ್ನು ಕಾಲೇಜಿಗೆ ತನ್ನಿ, ಮೈಕ್ರೋಸ್ಕೋಪ್ ನಾನು ಕೊಡುತ್ತೇನೆ. ಊರು, ದಿನಾಂಕ, ಗಂಟೆ, ಎಷ್ಟು ಹೆಜ್ಜೆ ಎಳೆದಿರಿ ಅನ್ನುವುದು ಚೀಟಿಯಲ್ಲಿ ಇರಲಿ. ಪೆನ್ಸಿಲಿನಲ್ಲಿ. ಚೀಟಿ ಇಲ್ಲದ ಬಾಟಲಿಯ ಮುಚ್ಚಳ ನಾನು ತೆರೆಯುವುದಿಲ್ಲ. ಬಕೆಟ್ ತಂದವರು ಅದನ್ನು ಬಾಗಿಲ ಬಳಿಯ ಬೇವಿನ ಗಿಡಕ್ಕೆ ಹಾಕಿ ಒಳಗೆ ಬನ್ನಿ, ಅದಕ್ಕೂ ನೀರಿಲ್ಲದೆ ನಾಲ್ಕು ದಿನ ಆಯಿತು.