ಸೋಲು ಮೊದಲೇ ಗೊತ್ತಿರುವ ಕಥೆ: ‘ಔಟ್‌ಲ್ಯಾಂಡರ್’ ಸರಣಿಯ ಭಾವಶಕ್ತಿ

ಕೊಡಗಿನ ಕಕ್ಕಬೆಯ ಹತ್ತಿರದ ನಾಲ್ಕುನಾಡು ಅರಮನೆಯ ಮುಂದೆ ಒಂದು ಪುಟ್ಟ ಮದುವೆ ಮಂಟಪವಿದೆ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1796ರಲ್ಲಿ ಮಹದೇವಮ್ಮಾಜಿಯ ಕೈಹಿಡಿದದ್ದು ಇಲ್ಲಿ. ಮಂಟಪದ ಅಂದ ನೋಡುತ್ತಾ ನಿಂತವರಿಗೆ ಇನ್ನೊಂದು ವರ್ಷವೂ ನೆನಪಿಗೆ ಬರುತ್ತದೆ: 1834. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಬ್ರಿಟಿಷರಿಗೆ ಶರಣಾಗುವ ಮೊದಲು ಅಡಗಿದ್ದುದು ಇದೇ ಅರಮನೆಯಲ್ಲಿ. ಮದುವೆಯ ದಿನ ಅಲ್ಲಿದ್ದ ಯಾರಿಗೂ ತಿಳಿಯದಿದ್ದುದು ನಮಗೆ ತಿಳಿದಿದೆ. ಮಂಟಪ ನೋಡುವಾಗ ಮನಸ್ಸು ಭಾರವಾಗುವುದು ಅದಕ್ಕೇ.

ಐತಿಹಾಸಿಕ ಕಾದಂಬರಿಗಳೆಲ್ಲ ದುಡಿಸಿಕೊಳ್ಳುವುದು ಈ ಭಾರವನ್ನು. ಡಯಾನಾ ಗ್ಯಾಬಲ್ಡನ್ ಅವರ ‘ಔಟ್‌ಲ್ಯಾಂಡರ್’ ಸರಣಿ (ಮೊದಲ ಸಂಪುಟ 1991, ಒಂಬತ್ತನೆಯದು 2021) ಒಂದು ಹೆಜ್ಜೆ ಮುಂದೆ ಹೋಗಿ, ಓದುಗರ ತಿಳಿವಳಿಕೆಯನ್ನು ನಾಯಕಿಯ ತಲೆಯ ಮೇಲೂ ಹೊರಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ನರ್ಸ್ ಆಗಿದ್ದ ಕ್ಲೇರ್, ಸ್ಕಾಟ್ಲೆಂಡಿನ ಗುಡ್ಡವೊಂದರ ಮೇಲೆ ನೆಟ್ಟ ಕಲ್ಲುಗಳ ನಡುವಿನಿಂದ 1743ಕ್ಕೆ ಹೋಗಿ ಬೀಳುತ್ತಾಳೆ. ಕಥೆಯ ಮುಖ್ಯ ಅದ್ಭುತ ಇದೇ. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಜಾಕೊಬೈಟ್ ಸೇನೆ (ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಬ್ರಿಟನ್ನಿನ ಗದ್ದುಗೆಗೆ ತರಲು ದಂಗೆಯೆದ್ದವರ ಪಡೆ) ಒಂದು ಗಂಟೆಯೊಳಗೆ ನೆಲಕಚ್ಚುತ್ತದೆಂದು ಅವಳು ಬಲ್ಲಳು. ಆ ಕಾಲದಲ್ಲಿ ಅವಳು ಕೈಹಿಡಿಯುವ ಜೇಮಿ ಸೇರುವುದು ಅದೇ ಸೇನೆಯನ್ನು.

ಎರಡನೆಯ ಸಂಪುಟದಲ್ಲಿ ಇಬ್ಬರೂ ಪ್ಯಾರಿಸ್ಸಿಗೆ ಹೋಗಿ ದಂಗೆಯನ್ನು ತಡೆಯಲು ಹೆಣಗುತ್ತಾರೆ, ಆಗುವುದಿಲ್ಲ. ಈ ಭಾಗವನ್ನು ದಯವಿಟ್ಟು ಅವಸರದಲ್ಲಿ ಓದಬೇಡಿ. ಕಳೆದುಕೊಳ್ಳುವ ಮೊದಲೇ ಶೋಕಿಸಬೇಕಾದವಳ ಒಂದೊಂದು ನಗುವಿನ ಹಿಂದೆಯೂ ಆ ತಾರೀಖು ಕುಳಿತಿರುತ್ತದೆ.

ಹೋದದ್ದು ಬರಿಯ ಯುದ್ಧವೊಂದೇ ಅಲ್ಲ. ಕಲೋಡನ್ ಬಳಿಕ ಬಂದ ಕಾನೂನು ಸ್ಕಾಟ್ಲೆಂಡಿನ ಗುಡ್ಡಗಾಡಾದ ಹೈಲ್ಯಾಂಡಿನ ಗಂಡಸರ ಸಾಂಪ್ರದಾಯಿಕ ಉಡುಪನ್ನೇ ನಿಷೇಧಿಸಿತು. ನಮ್ಮ ಕೊಡವರ ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿ ಮದುವೆಗೆ ಹೊರಟವನಿಗೆ ‘ಇದು ಅಪರಾಧ’ ಎಂದರೆ ಹೇಗಿರುತ್ತದೆ ಎಂದು ಯೋಚಿಸಿದಾಗಲೇ ನನಗೆ ಆ ಸೋಲಿನ ಆಳ ತಿಳಿದದ್ದು.

ಮುಂದೆ ಕಥೆ ಅಮೆರಿಕದ ಸ್ವಾತಂತ್ರ್ಯ ಯುದ್ಧದತ್ತ ಸಾಗುತ್ತದೆ. ಅಲ್ಲಿಯೂ ಕೊನೆ ಗೊತ್ತು, ಆದರೆ ಗೊತ್ತಿರುವುದು ಗೆಲ್ಲುವ ಪಕ್ಷ ಯಾವುದೆಂದು. ಅದು ಅಷ್ಟಾಗಿ ನೋಯಿಸುವುದಿಲ್ಲ. ಆ ಸಂಪುಟಗಳಲ್ಲಿ ಬಿಗಿ ಸಡಿಲವಾಯಿತೆಂದು ನನ್ನ ಅನಿಸಿಕೆ.

ಸರಣಿ ಇಷ್ಟು ಉದ್ದವಾಗಿರುವುದಕ್ಕೂ ಒಂದು ಕಾರಣವಿದೆ. ಕಲೋಡನ್ನಿನ ಮುನ್ನ ಜೇಮಿ ಬಸುರಿ ಹೆಂಡತಿಯನ್ನು ಕಲ್ಲುಗಳ ಮೂಲಕ ಅವಳ ಕಾಲಕ್ಕೆ ಕಳುಹಿಸಿಬಿಡುತ್ತಾನೆ. ಇಪ್ಪತ್ತು ವರ್ಷಗಳ ಅಗಲಿಕೆಯನ್ನು ಒಂದು ಸಾಲಿನಲ್ಲಿ ಹೇಳಿದರೆ ಅದು ಸುದ್ದಿ ಮಾತ್ರ. ನೂರಾರು ಪುಟ ಕಾಯಿಸಿದಾಗ ಓದುಗರಿಗೂ ವಯಸ್ಸಾಗುತ್ತದೆ. ಮೂರನೆಯ ಸಂಪುಟದಲ್ಲಿ, 1766ರ ಎಡಿನ್‌ಬರೋದ ಮುದ್ರಣದ ಅಂಗಡಿಯೊಂದರಲ್ಲಿ, ಕ್ಲೇರಳ ದನಿ ಕೇಳಿ ತಿರುಗಿದ ಜೇಮಿ ಮೂರ್ಛೆ ಹೋಗುತ್ತಾನೆ. ಎಚ್ಚರವಾದ ಮೇಲೆ ಅವಳು ಮಗಳು ಬ್ರಿಯಾನಾಳ ಫೋಟೊಗಳನ್ನು ಅವನ ಕೈಗಿಡುತ್ತಾಳೆ. ಫೋಟೊ ಎಂಬ ವಸ್ತುವೇ ಇನ್ನೂ ಹುಟ್ಟಿರದ ಕಾಲದ ಮನುಷ್ಯ ಅವನು. ಎಳೆಗೂಸಿನಿಂದ ಹಿಡಿದು ಬೆಳೆದ ಹುಡುಗಿಯವರೆಗೆ ಮಗಳು ಒಂದೊಂದಾಗಿ ಅವನೆದುರು ಬರುತ್ತಾಳೆ. ನೋಡುತ್ತಾ ನೋಡುತ್ತಾ ಅವನು ಹೆಂಡತಿಯ ಕೊರಳಲ್ಲಿ ಮುಖ ಹುದುಗಿಸಿ ಸದ್ದಿಲ್ಲದೆ ಕುಸಿದುಹೋಗುತ್ತಾನೆ.