ಮೂರು ಗಂಟೆಯ ಸಭೆಗೆ ಮಿನಿಟ್ಸ್ ಬುಕ್ ಯಾಕೆ?

ಪ್ರಶ್ನೆ: ನಮ್ಮೂರ ಹಾಲಿನ ಡೇರಿಯ ಸಭೆ ಬೆಳಗ್ಗೆ ಹತ್ತೂವರೆಗೆ ಶುರುವಾದರೆ ಮಧ್ಯಾಹ್ನ ಒಂದೂವರೆಯಾದರೂ ಮುಗಿಯೋದಿಲ್ಲ. ಆದರೂ ಅದನ್ನು ಬರೆದಿಡೋ ಪುಸ್ತಕಕ್ಕೆ ‘ಮಿನಿಟ್ಸ್ ಬುಕ್’ ಅಂತಾರೆ. ನಿಮಿಷ ನಿಮಿಷಕ್ಕೂ ಏನಾಯಿತು ಅಂತ ಬರೀಬೇಕು ಅನ್ನೋದು ಇದರ ಅರ್ಥವಾ?
(ಚಿಕ್ಕಬಳ್ಳಾಪುರ ತಾಲ್ಲೂಕಿನ ಓದುಗರು)

ಈ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. ಸ್ತ್ರೀಶಕ್ತಿ ಸಂಘದವರು ಕೇಳಿದ್ದಾರೆ, ಶಾಲೆಯ ಎಸ್‌ಡಿಎಂಸಿಯವರು ಕೇಳಿದ್ದಾರೆ, ಪಂಚಾಯಿತಿಯ ಮಾಜಿ ಸದಸ್ಯರೊಬ್ಬರು ಟೀ ಅಂಗಡಿಯಲ್ಲಿ ಅಡ್ಡ ಹಾಕಿ ಕೇಳಿದ್ದಾರೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಅಲ್ಲ. ಡೇರಿ ಪುಸ್ತಕದ ಮಿನಿಟ್ಸಿಗೂ ಗೋಡೆ ಗಡಿಯಾರದ ಮಿನಿಟಿಗೂ ತಾಯಿ ಒಬ್ಬಳೇ. ಆದರೆ ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟಿದ್ದಲ್ಲ. ಆ ತಾಯಿಗಂತೂ ಹೊತ್ತಿನ ಗೊಡವೆಯೇ ಇರಲಿಲ್ಲ. ಲ್ಯಾಟಿನ್ನಿನ ‘ಮಿನೂಟುಸ್’ ಎಂಬ ಮಾತು ಅದು. ಅರ್ಥ, ಚಿಕ್ಕದು. ನಮ್ಮೂರ ಹೆಸರಿನ ಮುಂದೆ ಕೂತಿರುವ ‘ಚಿಕ್ಕ’ವೇ ಅನ್ನಿ.

ಊರ ಹೆಸರನ್ನು ಸುಮ್ಮನೆ ಎಳೆದು ತಂದಿಲ್ಲ. ನಂದಿಬೆಟ್ಟದ ಈ ಬದಿಗೆ ಚಿಕ್ಕಬಳ್ಳಾಪುರ, ಆ ಬದಿಗೆ ದೊಡ್ಡಬಳ್ಳಾಪುರ. ಈ ಚಿಕ್ಕ-ದೊಡ್ಡದ ಜೋಡಿ ಮುಂದೆ ಕೆಲಸಕ್ಕೆ ಬರುತ್ತದೆ.

ಮೊದಲು ಗಡಿಯಾರದ್ದು ಮುಗಿಸೋಣ. ಅರವತ್ತರ ಲೆಕ್ಕ ಬ್ಯಾಬಿಲೋನಿನವರದು. ಕ್ರಿ.ಶ. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿ ಅದೇ ಲೆಕ್ಕ ಹಿಡಿದು ವೃತ್ತದ ಒಂದೊಂದು ಡಿಗ್ರಿಯನ್ನೂ ಅರವತ್ತು ಪಾಲು ಮಾಡಿದ. ಆ ಪಾಲನ್ನು ಮತ್ತೆ ಅರವತ್ತು ಮಾಡಿದ. ಅವನ ಗ್ರಂಥ ಅರಬ್ಬರ ಕೈಗೆ ಹೋಯಿತು. ಅವರ ಭಾಷೆಯಲ್ಲಿ ಮಿನಿಟಿಗೆ ‘ದಕೀಕ’ ಅನ್ನುತ್ತಾರೆ, ಅದರ ಅರ್ಥವೂ ತೆಳುವಾದದ್ದು, ಸಣ್ಣದು ಎಂದೇ. 1175ರಲ್ಲಿ ಸ್ಪೇನಿನ ಟೊಲೆಡೊದಲ್ಲಿ ಕ್ರೆಮೋನಾದ ಜೆರಾರ್ಡ್ ಅದನ್ನು ಅರಬ್ಬಿಯಿಂದ ಲ್ಯಾಟಿನ್ನಿಗೆ ತಂದ. ಲ್ಯಾಟಿನ್ ಪಂಡಿತರು ಮೊದಲ ಸಲ ಹೆಚ್ಚಿದ ಚೂರಿಗೆ ‘ಪಾರ್ಸ್ ಮಿನೂಟಾ ಪ್ರೀಮಾ’ ಎಂದರು, ಅಂದರೆ ಮೊದಲನೆಯ ಚಿಕ್ಕ ಪಾಲು. ಅದನ್ನೂ ಹೆಚ್ಚಿದಾಗ ಸಿಕ್ಕಿದ್ದು ‘ಪಾರ್ಸ್ ಮಿನೂಟಾ ಸೆಕುಂಡಾ’, ಎರಡನೆಯ ಚಿಕ್ಕ ಪಾಲು. ಇಷ್ಟುದ್ದದ ಹೆಸರು ಯಾರ ಬಾಯಲ್ಲಿ ನಿಲ್ಲುತ್ತದೆ? ಮೊದಲನೆಯದು ‘ಪ್ರೀಮಾ’ವನ್ನು ಕಳಚಿ ಮಿನಿಟ್ ಆಯಿತು, ಎರಡನೆಯದು ‘ಮಿನೂಟಾ’ವನ್ನೇ ಕಳಚಿ ಸೆಕೆಂಡ್ ಆಯಿತು. ಸೆಕೆಂಡ್ ಇದೆ, ಫಸ್ಟ್ ಎಲ್ಲಿ ಹೋಯಿತು ಎಂದು ಕೇಳುವ ಮಕ್ಕಳಿಗೂ ಇಲ್ಲೇ ಉತ್ತರ ಸಿಕ್ಕಿತು. ಮಿನಿಟೇ ಆ ಫಸ್ಟ್.

ಇಲ್ಲಿ ಗಮನಿಸಬೇಕಾದದ್ದು, ಈ ಪಾಲುಗಳು ಮೊದಲು ಅಳೆದದ್ದು ವೃತ್ತವನ್ನು, ಹೊತ್ತನ್ನಲ್ಲ. ಭೂಪಟದಲ್ಲಿ ಚಿಕ್ಕಬಳ್ಳಾಪುರ ಉತ್ತರ ಅಕ್ಷಾಂಶ 13 ಡಿಗ್ರಿ 26 ಮಿನಿಟಿನ ಆಸುಪಾಸಿನಲ್ಲಿದೆ. ಆ 26 ಮಿನಿಟು ಕಾಯುತ್ತಾ ಕೂತರೆ ಯಾವ ಬಸ್ಸೂ ಬರುವುದಿಲ್ಲ.

ಎಷ್ಟು ಚಿಕ್ಕದಾದರೆ ಮಿನಿಟ್ ಎನ್ನುವುದಕ್ಕೂ ಒಂದು ಕಾಲಕ್ಕೆ ಕಟ್ಟುಪಾಡಿರಲಿಲ್ಲ. ಇಂಗ್ಲೆಂಡಿನ ಬೀಡ್ ಎಂಬ ಸನ್ಯಾಸಿ 725ರಲ್ಲಿ ಕಾಲಗಣನೆಯ ಬಗ್ಗೆ ಬರೆದ ಪುಸ್ತಕದಲ್ಲಿ ಗಂಟೆಗೆ ಹತ್ತೇ ‘ಮಿನೂಟಾ’. ನಮ್ಮ ಆರು ನಿಮಿಷಕ್ಕೆ ಅವನದು ಒಂದು! ಅದೇ ಲೆಕ್ಕದಲ್ಲಿ ಗಂಟೆಗೆ ನಲವತ್ತು ‘ಮೊಮೆಂಟುಮ್’. ಹಾಗಾಗಿ ಇಂಗ್ಲಿಷಿನ ಮೊಮೆಂಟ್ ಒಂದು ಕಾಲಕ್ಕೆ ತೊಂಬತ್ತು ಸೆಕೆಂಡ್, ಅಂದರೆ ಇವತ್ತಿನ ಮಿನಿಟಿಗಿಂತ ಉದ್ದ. ಇನ್ನು ಗಡಿಯಾರಗಳಿಗೆ ಬಹುಕಾಲ ಗಂಟೆಯ ಮುಳ್ಳೊಂದೇ ಸಾಕಾಗಿತ್ತು. 1656ರಲ್ಲಿ ಹೈಗೆನ್ಸ್ ಲೋಲಕದ ಗಡಿಯಾರ ಮಾಡಿದ ಮೇಲೆಯೇ ಮಿನಿಟು ನಂಬುವಂಥ ಅಳತೆಯಾಗಿ, ಅದಕ್ಕೊಂದು ಮುಳ್ಳು ಮಾಮೂಲಾದದ್ದು.

ಈಗ ಡೇರಿಗೆ ಬರೋಣ.

ಹೋದ ವರ್ಷ ನೆಂಟರ ಊರಿನ ಡೇರಿ ಸಭೆಯಲ್ಲಿ ಮೂಲೆಯ ಕುರ್ಚಿ ಹಿಡಿದು ಕೂತಿದ್ದೆ. ಫ್ಯಾಟಿನ ಲೆಕ್ಕದಲ್ಲಿ ಮೋಸವಾಗಿದೆ ಎಂದು ಒಬ್ಬರು ಎದ್ದರು, ಪಶು ಆಹಾರದ ಮೂಟೆ ಯಾರ್ಯಾರ ಮನೆಗೆ ಹೋಯಿತು ಎಂದು ಇನ್ನೊಬ್ಬರು. ಅಷ್ಟರಲ್ಲಿ ಹಳೇ ಜಮೀನಿನ ತಕರಾರೂ ಒಳಗೆ ಬಂತು. ಸೆಕ್ರೆಟರಿ ಮಾತ್ರ ತಲೆ ಎತ್ತಲಿಲ್ಲ. ಮದುವೆ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಏನೇನೋ ಗೀಚಿಕೊಳ್ಳುತ್ತಿದ್ದರು. ‘ಫ್ಯಾಟು—ಮಿಷನ್ನು ಚೆಕ್’, ‘ಬೂಸ—ಪಟ್ಟಿ’, ಹೀಗೆ. ಎಲ್ಲರೂ ಊಟಕ್ಕೆದ್ದ ಮೇಲೆ ಆ ಉದ್ದನೆಯ ರಟ್ಟಿನ ರಿಜಿಸ್ಟರ್ ತೆಗೆದು, ಸ್ಕೇಲಿಟ್ಟು ಗೆರೆ ಎಳೆದು, ದುಂಡಗೆ ದಪ್ಪಗೆ ಇಳಿಸಿದರು: ‘ಸಭೆಯು ಸದರಿ ವಿಷಯವನ್ನು ಕೂಲಂಕಷವಾಗಿ ಚರ್ಚಿಸಿ, ಹಾಲು ಪರೀಕ್ಷಾ ಯಂತ್ರವನ್ನು ತಪಾಸಣೆ ಮಾಡಿಸಲು ಸರ್ವಾನುಮತದಿಂದ ತೀರ್ಮಾನಿಸಿತು.’ ಎರಡು ಗಂಟೆಯ ಜಗಳ ಮೂರು ಸಾಲಿಗೆ ಇಳಿಯಿತು. ಸರ್ವಾನುಮತ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ, ಕೇಳಬಾರದು.

ಯುರೋಪಿನ ಬರಹಗಾರ ಗುಮಾಸ್ತರು ಮಾಡುತ್ತಿದ್ದದ್ದೂ ಇದೇ ಕೆಲಸ. ಮೊದಲು ಅವಸರದಲ್ಲಿ ಸಣ್ಣಕ್ಷರದ ಕರಡು. ಕಾಗದ ದುಬಾರಿ, ಚರ್ಮಪತ್ರ ಇನ್ನೂ ದುಬಾರಿ, ಕರಡಿಗೆ ಯಾರು ಜಾಗ ಸುರಿಯುತ್ತಾರೆ? ಆ ಕರಡಿಗೆ ಲ್ಯಾಟಿನ್ನಿನಲ್ಲಿ ‘ಮಿನೂಟಾ’ ಎಂದು ಹೆಸರು. ಚಿಕ್ಕ ಬರಹ ಎಂಬರ್ಥದಿಂದಲೇ ಈ ಹೆಸರು ಬಂದಿರಬೇಕೆಂಬುದು ನಿಘಂಟುಕಾರರಲ್ಲಿ ಬಹುಮಂದಿ ಹಿಡಿದಿರುವ ದಾರಿ. ಆಮೇಲೆ ಅದನ್ನೇ ದೊಡ್ಡ ಅಕ್ಷರದಲ್ಲಿ ಸಾಫಾಗಿ ಬರೆದರೆ ‘ಗ್ರೋಸ್’. ಗ್ರೋಸ್ ಎಂದರೆ ದಪ್ಪ, ದೊಡ್ಡದು. ಇಂಗ್ಲಿಷಿನಲ್ಲಿ ಕ್ರಯಪತ್ರ, ಒಪ್ಪಂದ ಇಂಥವನ್ನು ಕೊನೆಯ ಪ್ರತಿಯಾಗಿ ಬರೆಯುವುದಕ್ಕೆ ‘ಎಂಗ್ರಾಸ್’ ಅನ್ನುವುದು ಇದರಿಂದಲೇ. ಫ್ರಾನ್ಸಿನ ನೋಟರಿಗಳ ಕಪಾಟಿನಲ್ಲಿ ಇವತ್ತಿಗೂ ಇರುವ ಮೂಲಪತ್ರ ‘ಮಿನ್ಯೂಟ್’, ಅದರ ಆಧಾರದ ಮೇಲೆ ಜಾರಿಗೆಂದು ಹೊರಗೆ ಕೊಡುವ ಪ್ರತಿ ‘ಗ್ರೋಸ್’. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ!

ಆ ಲೆಕ್ಕಕ್ಕೆ ನೋಡಿದರೆ ನಮ್ಮ ಸೆಕ್ರೆಟರಿಯ ನಿಜವಾದ ಮಿನಿಟ್ಸ್ ಆ ಲಗ್ನಪತ್ರಿಕೆಯ ಬೆನ್ನು. ರಿಜಿಸ್ಟರಿನಲ್ಲಿ ಇರುವುದು ಗ್ರೋಸ್. ಕಾಲಕ್ರಮದಲ್ಲಿ ಕರಡಿನ ಹೆಸರು ಕೊನೆಯ ದಾಖಲೆಗೇ ಅಂಟಿಕೊಂಡಿತು, ಅಷ್ಟೆ. ಚುಟುಕು ಟಿಪ್ಪಣಿಗಳು ಹಲವು, ಅದಕ್ಕೇ ಇಂಗ್ಲಿಷಿನಲ್ಲಿ ಬಹುವಚನ. ನಾವು ಮಾತ್ರ ‘ಮಿನಿಟ್ಸು ಬರೆದಾಯ್ತಾ’ ಎಂದು ಏಕವಚನದಲ್ಲೇ ಕೇಳುತ್ತೇವೆ. ಸರ್ಕಾರಿ ಕನ್ನಡದ ‘ನಡವಳಿ’ ನನಗೆ ಇದಕ್ಕಿಂತ ಹಿಡಿಸುತ್ತದೆ. ಅಕ್ಷರ ಎಷ್ಟು ಗಾತ್ರದ್ದು ಎಂಬುದನ್ನು ಬಿಟ್ಟು, ನಡೆದದ್ದೇನು ಎಂಬುದನ್ನು ಹೇಳುತ್ತದೆ.

ಟಿಪ್ಪಣಿ ಎಂಬ ಅರ್ಥದ ಮಿನಿಟ್ ನಮ್ಮ ದೇಶಕ್ಕೆ ಹೊಸದಲ್ಲ. ಕಂಪನಿ ಸರ್ಕಾರದಲ್ಲಿ ಕೌನ್ಸಿಲಿನ ಸದಸ್ಯ ಕಡತಕ್ಕೆ ಬರೆದು ಹಾಕುವ ಅಭಿಪ್ರಾಯಕ್ಕೂ ಮಿನಿಟ್ ಎಂದೇ ಹೆಸರು. ಇಂಗ್ಲಿಷ್ ವಿದ್ಯೆಯ ಪರವಾಗಿ ಮೆಕಾಲೆ 1835ರ ಫೆಬ್ರವರಿ 2ರಂದು ಬರೆದದ್ದು ಅಂಥದ್ದೊಂದು ಮಿನಿಟ್. ಅದರಲ್ಲಿ ಚಿಕ್ಕದು ಎನ್ನುವಂಥದ್ದು ಏನೂ ಇಲ್ಲ, ಉದ್ದವೂ ಸರಿ, ಪರಿಣಾಮವೂ ಸರಿ.

ಈ ವಂಶದವರು ಇನ್ನೂ ಇದ್ದಾರೆ. ‘ಮೈನ್ಯೂಟಾಗಿ ನೋಡಪ್ಪಾ’ ಅನ್ನುತ್ತೇವಲ್ಲ, ಆ ಮೈನ್ಯೂಟಿನ ಸ್ಪೆಲ್ಲಿಂಗೂ ಮಿನಿಟಿನದೇ, ಉಚ್ಚಾರ ಮಾತ್ರ ಬೇರೆ. ಹೋಟೆಲಿನ ಮೆನು, ಲೆಕ್ಕದ ಮೈನಸ್, ಕೆರೆ ಕಾಮಗಾರಿಯ ಬೋರ್ಡಿನ ಮೇಲೆ ಕಾಣುವ ಮೈನರ್ ಇರಿಗೇಷನ್, ಎಲ್ಲ ಒಂದೇ ಬಳ್ಳಿ. ಮಿನಿಸ್ಟರ್ ಕೂಡ! ಲ್ಯಾಟಿನ್ನಿನಲ್ಲಿ ‘ಮಿನಿಸ್ಟರ್’ ಎಂದರೆ ಕಿರಿಯ, ಸೇವಕ. ಅದಕ್ಕೆ ಎದುರಾಗಿ ‘ಮಗಿಸ್ಟರ್’, ಹಿರಿಯ. ಅದು ಇಂಗ್ಲಿಷಿನಲ್ಲಿ ಮಾಸ್ಟರ್ ಆಗಿ ನಮ್ಮಲ್ಲಿ ಮೇಷ್ಟ್ರು ಆಯಿತು. ನಿಘಂಟಿನ ಪ್ರಕಾರ ಮಿನಿಸ್ಟರು ಬಂದರೆ ಮೇಷ್ಟ್ರು ಏಳಬೇಕಾಗಿಲ್ಲ. ಆದರೆ ಮಿನಿ ಬಸ್ಸನ್ನು ಈ ಸಾಲಿಗೆ ಸೇರಿಸಬೇಡಿ. ‘ಮಿನಿ’ ಬಂದದ್ದು ‘ಮಿನಿಯೇಚರ್’ನಿಂದ, ಅದು ಬಂದದ್ದು ಹಸ್ತಪ್ರತಿಗಳಿಗೆ ಬಳಿಯುತ್ತಿದ್ದ ‘ಮಿನಿಯಂ’ ಎಂಬ ಕೆಂಪು ಸೀಸದ ಬಣ್ಣದಿಂದ. ಹಸ್ತಪ್ರತಿಗಳಲ್ಲಿನ ಚಿತ್ರಗಳು ಪುಟ್ಟದಾಗಿದ್ದುದರಿಂದ ಚಿಕ್ಕದು ಎಂಬ ಅರ್ಥ ಆಮೇಲೆ ಹತ್ತಿಕೊಂಡಿತು.

ಕೊನೆಗೆ ನಿಮ್ಮ ಪ್ರಶ್ನೆಯಲ್ಲೇ ಇರುವ ‘ನಿಮಿಷ’. ಮಿನಿಟ್, ನಿಮಿಷ ಎರಡೂ ಒಂದೇ ಥರ ಕೇಳಿಸುತ್ತವೆ, ಸಂಬಂಧ ಇರಬೇಕು ಎಂದು ಹಲವರ ಗುಮಾನಿ. ಯಾವ ಸಂಬಂಧವೂ ಇಲ್ಲ. ನಿಮಿಷ ಸಂಸ್ಕೃತದ್ದು, ಅರ್ಥ ಎವೆಯಿಕ್ಕುವುದು. ದೇವತೆಗಳು ಕಣ್ಣು ಮಿಟುಕಿಸುವುದಿಲ್ಲವಾದ್ದರಿಂದ ಅವರು ಅನಿಮಿಷರು. ನಮ್ಮ ಪಂಚಾಂಗಕ್ಕೂ ಅರವತ್ತರ ಲೆಕ್ಕ ಗೊತ್ತಿತ್ತು: ದಿನಕ್ಕೆ 60 ಗಳಿಗೆ, ಒಂದೊಂದೂ 24 ಮಿನಿಟಿನದು. ಆದರೆ ಇಂಗ್ಲಿಷಿನ ಮಿನಿಟಿಗೆ ಸಮನಾದ ಅಳತೆ ಅದರಲ್ಲಿರಲಿಲ್ಲ, ಕಣ್ಣೆವೆಯ ಮಾತನ್ನೇ ಎಳೆದು ಉದ್ದ ಮಾಡಿಕೊಂಡೆವು. ಎಷ್ಟು ಉದ್ದ ಅಂತೀರಾ? ಮನುಸ್ಮೃತಿಯ ಮೊದಲ ಅಧ್ಯಾಯದ ಲೆಕ್ಕ ಹೀಗಿದೆ: 18 ನಿಮೇಷ ಒಂದು ಕಾಷ್ಠೆ, 30 ಕಾಷ್ಠೆ ಒಂದು ಕಲೆ, 30 ಕಲೆ ಒಂದು ಮುಹೂರ್ತ, 30 ಮುಹೂರ್ತ ಒಂದು ಹಗಲು-ರಾತ್ರಿ. ಗುಣಿಸಿದರೆ ದಿನಕ್ಕೆ 4,86,000 ನಿಮೇಷ. ಒಂದು ನಿಮೇಷ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ, ಗಡಿಯಾರದ ಒಂದು ಮಿನಿಟಿನಲ್ಲಿ ಅಂಥವು 337ಕ್ಕೂ ಹೆಚ್ಚು.

ಮುಂದಿನ ಸಭೆಯಲ್ಲಿ ‘ಅಧ್ಯಕ್ಷರೇ, ಒಂದೇ ಒಂದು ನಿಮಿಷ ಮಾತಾಡ್ತೀನಿ’ ಎಂದು ಯಾರಾದರೂ ಎದ್ದರೆ, ಯಾವ ನಿಮಿಷ ಎಂದು ಮೊದಲೇ ಕೇಳಿಕೊಳ್ಳಿ. ಹಳೇ ನಿಮಿಷವಾದರೆ ‘ಅಧ್ಯ...’ ಅನ್ನುವಷ್ಟರಲ್ಲಿ ಅವರ ಹೊತ್ತು ಮುಗಿದಿರುತ್ತದೆ.